ಹಳೆಯ ಗಂಟೆಯ ತುಂಡು

"ಕೋರ್ಟಿಗೆ ಹೋಗೋ ವರದಿ ಮೂರು ಗಂಟೆಗೆ ಹೊರಡುತ್ತೆ. ಅಷ್ಟರೊಳಗೆ ಏನಾದ್ರೂ ತೋರಿಸಿದ್ರೆ ಸರಿ. ಇಲ್ಲಾಂದ್ರೆ ನನ್ನ ಸಹಿ ಬಿತ್ತು ಅಂತ ತಿಳ್ಕೊಳ್ಳಿ."

ಪೊಲೀಸ್ ಅಧಿಕಾರಿ ಸುಕೈನಾ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಒಂದೂ ಇಪ್ಪತ್ತೈದು.

ಇಜ್ಜಾ ಗಡಿಯಾರ ನೋಡಲಿಲ್ಲ. ಅವಳ ಕಣ್ಣು ಅದರ ಪಕ್ಕದಲ್ಲಿದ್ದ ಅಂಗೈಯಗಲದ ಕಪ್ಪು ಡಿಸ್ಕಿನ ಮೇಲಿತ್ತು. ಅದರೊಳಗೆ ಮಂಗಳವಾರವಿತ್ತು. ಅಗಾದಿರ್ ಬಂದರಿನ ಈ ಮೀನು ಕಾರ್ಖಾನೆಯ ನಿಯಂತ್ರಣ ಕಂಪ್ಯೂಟರು ಅಂದು ಬೆಳಗ್ಗೆ ಆರರಿಂದ ಒತ್ತಿಸಿಕೊಂಡ ಒಂದೊಂದು ಗುಂಡಿ, ತೆರೆದ ಒಂದೊಂದು ಕಡತ, ಎಳೆದ ಒಂದೊಂದು ಉಸಿರು, ಎಲ್ಲವೂ ಒಂದೇ ಜಾಡಿನ ಫೈಲಿನಲ್ಲಿ. ಐವತ್ತೆರಡು ಗಿಗಾಬೈಟು.

ಆ ಮಂಗಳವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಶೀತಾಗಾರದಲ್ಲಿ ಅಮೋನಿಯಾ ಸೋರಿತ್ತು. ಸೈರನ್ ಕೂಗಲಿಲ್ಲ. ಯಾರೋ ಅದರ ಬಾಯಿ ಮುಚ್ಚಿಸಿದ್ದರು. ನೆಲ ತೊಳೆಯುತ್ತಿದ್ದ ತ್ಲೈತ್ಮಾಸ್ ಎಂಬ ಹೆಂಗಸು ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಠಾಣೆಯ ಕಂಬಿಗಳ ಹಿಂದೆ ಕೂತಿದ್ದವನು ಕಾರ್ಖಾನೆಯ ತಂತ್ರಜ್ಞ ಹಮ್ಮೂ, ಇಜ್ಜಾಳ ಒಡಹುಟ್ಟಿದ ಅಣ್ಣ.

ಅದೇ ನಾಲ್ಕೂ ಇಪ್ಪತ್ತಕ್ಕೆ ಹಮ್ಮೂ ಇನೆಜ್ಗಾನ್ ಪೇಟೆಯಲ್ಲಿದ್ದ ಅವಳ ಫೋನು ರಿಪೇರಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಮಡಿಲಲ್ಲಿ ಜೇನು ಸುರಿದ ಶಬಕಿಯಾ ಮಿಠಾಯಿಯ ಪೊಟ್ಟಣ. ಅವಳೇ ಕಣ್ಣಾರೆ ಕಂಡಿದ್ದಳು. ಆದರೆ ಅಣ್ಣನಿಗೆ ತಂಗಿಯ ಸಾಕ್ಷಿ ಯಾರು ಕೇಳುತ್ತಾರೆ?

"ಶುರು ಮಾಡು ಮಗಳೇ," ಎಂದರು ಬಿಹಿ. ಇಜ್ಜಾ ದೊಡ್ಡಪ್ಪ ಎಂದೇ ಕರೆಯುವವರು, ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ರಂಜಾನ್ ಉಪವಾಸದ ಹನ್ನೊಂದನೆಯ ದಿನ, ಸಿಗರೇಟಿಲ್ಲದ ಬೆರಳುಗಳು ಅಂಗಿಯ ಗುಂಡಿಯನ್ನು ತಿರುಗಿಸುತ್ತಿದ್ದವು. "ಹೊಟ್ಟೆ ಹಸಿದವರ ಎದುರು ಯಾರೂ ಹೆಚ್ಚು ಹೊತ್ತು ಸುಳ್ಳು ಹೇಳೋಕಾಗಲ್ಲ."

"ಸುಳ್ಳು ಯಾರು ಹೇಳಿದ್ರು, ಸಿ ಬಿಹಿ?"

'ಸಿ' ಎಂಬ ಗೌರವದ ಮಾತನ್ನು ಎಳೆದು ಹೇಳಿ, ಕಿಟಕಿಯ ಬಳಿ ಕೂತಿದ್ದ ಝುಹೈರ್ ಬೆರ್ರಾದಾ ನಕ್ಕ. ಕಂಪನಿಯವರು ದೂರದ ಕಾಸಾ ನಗರದಿಂದ ಕರೆಸಿದ ಪರಿಣತ. ಇಸ್ತ್ರಿ ಅಳಿಯದ ಅಂಗಿ, ಮಡಿಲಲ್ಲಿ ಕನ್ನಡಿಯಂತೆ ಹೊಳೆಯುವ ಲ್ಯಾಪ್‌ಟಾಪು. "ಇಡೀ ಫೈಲಿನಿಂದ ಬೇಕಾದ ಇಪ್ಪತ್ತು ನಿಮಿಷದ ತುಂಡನ್ನ ನಾನೇ ನನ್ನ ಕೈಯಾರೆ ಕಾಸಾದಲ್ಲಿ ಕತ್ತರಿಸಿ ಕೊಟ್ಟಿದ್ದೀನಿ. ನಾಲ್ಕೂ ಇಪ್ಪತ್ತೊಂದಕ್ಕೆ ಸೈರನ್ ಬಂದ್. ಮಾಡಿದವನ ಹೆಸರು, ಹಮ್ಮೂ. ಇನ್ನೇನು ಬೇಕು?"

"ಉಳಿದದ್ದು ಬೇಕು," ಎಂದಳು ಇಜ್ಜಾ. ದನಿ ಅವಳಿಗೇ ಕೇಳಿಸಲಿಲ್ಲ.

"ಏನಂದಳು?" ಎಂದ ಝುಹೈರ್.

"ಉಳಿದದ್ದು ಬೇಕಂತೆ!" ಬಿಹಿ ಗುಡುಗಿದರು.

ಇಜ್ಜಾ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಅದರ ಮೂರು ಗುಂಡಿಗಳ ಮೇಲೆ ಅಕ್ಷರಗಳೇ ಅಳಿಸಿಹೋಗಿದ್ದವು.

"ಆ ಡಬ್ಬದಲ್ಲಿ ಅದು ತೆರೆಯೋದಿಲ್ಲ ತಂಗೀ," ಎಂದ ಝುಹೈರ್. "ಅರ್ಧ ತೆರೆಯೋಷ್ಟರಲ್ಲಿ ಹೊಗೆ ಬರುತ್ತೆ. ಅಂದಹಾಗೆ, ಯಾವ ಕಾಲೇಜು ನಿನ್ನದು?"

ಇಜ್ಜಾ ಶಾಲೆ ಬಿಟ್ಟದ್ದು ಹದಿನಾಲ್ಕಕ್ಕೆ. ಅದನ್ನು ಹೇಳುವ ಗೋಜಿಗೆ ಅವಳು ಹೋಗಲಿಲ್ಲ. "ತೆರೆಯಲ್ಲ. ಕೊಯ್ತೀನಿ," ಎಂದಳಷ್ಟೆ.

ಕಪ್ಪು ಕಿಟಕಿಯೊಂದು ಪರದೆಯ ಮೇಲೆ ಬಂತು. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಮಿಣುಕುವ ಒಂದು ಗೆರೆ, ಅಷ್ಟೆ. ಅವಳು ಒಂದೇ ಸಾಲು ಹೊಡೆದಳು: ಕತ್ತರಿಸುವ ಸಾಧನದ ಹೆಸರು, ದೊಡ್ಡ ಫೈಲಿನ ಹೆಸರು, ಎಲ್ಲಿಂದ, ಎಲ್ಲಿಗೆ, ತುಂಡಿಗೆ ಏನು ಹೆಸರು. ಜಾಡು ಹೊತ್ತನ್ನು ಗಂಟೆಯಲ್ಲಿ ಹೇಳುವುದಿಲ್ಲ, ಶುರುವಾದಾಗಿನಿಂದ ಎಷ್ಟು ಸೆಕೆಂಡು ಎಂದು ಹೇಳುತ್ತದೆ. ಝುಹೈರ್ ಕೊಟ್ಟ ಅದೇ ಇಪ್ಪತ್ತು ನಿಮಿಷ: ಆರು ಗಂಟೆಯಿಂದ ನಾಲ್ಕೂ ಹತ್ತಕ್ಕೆ ೩೬೬೦೦. ನಾಲ್ಕೂವರೆಗೆ ೩೭೮೦೦.

ಎಂಟರ್.

ಸಾಧನ ಐವತ್ತೆರಡು ಗಿಗಾಬೈಟನ್ನೂ ನಡೆದು ದಾಟಬೇಕಿತ್ತು. ಹನ್ನೊಂದು ನಿಮಿಷ ಹಿಡಿಯಿತು. ಇಜ್ಜಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಓದುವ ಹೊತ್ತನ್ನೂ ಸೇರಿಸಿದರೆ ಮೂರರೊಳಗೆ ಹೆಚ್ಚೆಂದರೆ ಆರು ತುಂಡು. ಒಂದು ಆಗಲೇ ಖರ್ಚಾಯಿತು.

ತುಂಡು ಬಂತು. ಅವಳು ಅದನ್ನು ಝುಹೈರ್ ಕೊಟ್ಟ ತುಂಡಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದಳು.

ಎರಡೂ ಒಂದೇ. ಒಂದು ಅಕ್ಷರದ ವ್ಯತ್ಯಾಸವಿಲ್ಲ.

ತುಂಡು ತಿದ್ದಿದ್ದಲ್ಲ. ನಾಲ್ಕೂ ಇಪ್ಪತ್ತೊಂದಕ್ಕೆ ಸೈರನ್ ಬಂದ್, ಹಮ್ಮೂವಿನ ಹೆಸರಲ್ಲೇ.

"ಆಯ್ತಾ?" ಎಂದ ಝುಹೈರ್. "ಹೋಗಿ ಸಂಜೆಯ ಹರೀರಾ ಸಾರಿಗೆ ಬೇಳೆ ನೆನೆಹಾಕು ತಂಗೀ. ಅದಾದ್ರೂ ಸಮಯಕ್ಕೆ ಆಗ್ಲಿ."

"ನಿಮ್ಮ ಮನೇಲಿ ಹರೀರಾ ಯಾರು ಮಾಡ್ತಾರೆ, ಸಿ ಝುಹೈರ್?" ಬಿಹಿ ಕೇಳಿದರು. "ಅವರು ನಿಮ್ಮ ಬಾಯಿಗೂ ಸ್ವಲ್ಪ ಹಾಕಿ ಮುಚ್ಚಳ ಮುಚ್ಚಲಿ."

ಸುಕೈನಾ ನಗು ತಡೆದುಕೊಂಡಳು. ಇಜ್ಜಾಳ ಕಿವಿಗೆ ಅದು ಯಾವುದೂ ಬೀಳಲಿಲ್ಲ. ಹರೀರಾ ಎಂಬ ಮಾತೊಂದೇ ಬಿತ್ತು.

ಹರೀರಾ ಇಡಬೇಕಾದ ಹೆಂಗಸರು! ಇಲ್ಲಿ ಮೀನು ಕೊಯ್ಯುವ ನೂರ ನಲವತ್ತಮೂರು ಹೆಂಗಸರಿದ್ದರು. ರಂಜಾನಿನಲ್ಲಿ ಅವರ ಪಾಳಿ ಮುಗಿಯುವುದು ನಾಲ್ಕಕ್ಕೆ. ನಾಲ್ಕು ಬಡಿದ ಮೇಲೆ ಒಬ್ಬಳೂ ಒಂದು ಗಳಿಗೆ ನಿಲ್ಲುವುದಿಲ್ಲ. ಬಾಗಿಲಿನ ಯಂತ್ರಕ್ಕೆ ಹೆಬ್ಬೆರಳು ಒತ್ತಿ, ಚಪ್ಪಲಿ ಬದಲಿಸಿ, ಬಸ್ಸಿಗೆ ಓಡುತ್ತಾರೆ. ಆ ಹೆಬ್ಬೆರಳುಗಳೂ ಈ ಜಾಡಿನಲ್ಲಿ ಇರಲೇಬೇಕು.

ಅವಳು ಮೂರೂ ಐವತ್ತರಿಂದ ನಾಲ್ಕೂ ಹತ್ತರವರೆಗಿನ ತುಂಡನ್ನು ಕತ್ತರಿಸಲು ಕೊಟ್ಟಳು. ಇನ್ನೊಂದು ಹನ್ನೊಂದು ನಿಮಿಷ. ಕಡಲಕ್ಕಿಗಳು ಹೊರಗೆ ಜಗಳವಾಡುತ್ತಿದ್ದವು.

ತುಂಡಿನಲ್ಲಿ ಒಂದೇ ಒಂದು ಹೆಬ್ಬೆರಳಿರಲಿಲ್ಲ.

"ದೊಡ್ಡಪ್ಪಾ," ಇಜ್ಜಾ ಪಿಸುಗುಟ್ಟಿದಳು. "ಮಂಗಳವಾರ ನಾಲ್ಕು ಗಂಟೆಗೆ ಯಾರೂ ಮನೆಗೆ ಹೋಗಿಲ್ಲ."

"ಹೋಗದೆ? ನಾನೇ ಗೇಟಿನ ಹತ್ರ ಅವರನ್ನ ಮಾತಾಡಿಸಿದೀನಲ್ಲ. ನಾಲ್ಕಕ್ಕೆ ಸರಿಯಾಗಿ ಹೊರಗಿದ್ವಿ ಅಂತ ಎಲ್ಲರೂ ಹೇಳಿದ್ರು. ಕೋಳಿ ಗೂಡು ಬಿಟ್ಟ ಹಾಗೆ."

"ಹಾಗಾದ್ರೆ ಇನ್ನೊಂದು ಕೊಯ್ತೀನಿ."

ಈ ಸಲ ನಾಲ್ಕೂ ಐವತ್ತರಿಂದ ಐದೂ ಹತ್ತು, ಅದರಲ್ಲೂ ಹೆಬ್ಬೆರಳಿನ ಸಾಲುಗಳನ್ನಷ್ಟೇ ಕೇಳಿದಳು. ಕಾಯುವಾಗ ಅವಳು ಉಗುರು ಕಚ್ಚಲು ಹೋಗಿ ಉಪವಾಸ ನೆನಪಾಗಿ ಕೈ ಇಳಿಸಿದಳು. ಸುಕೈನಾ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತಳು.

ತುಂಡು ತೆರೆಯಿತು. ಐದು ಗಂಟೆ ಸೊನ್ನೆ ಸೆಕೆಂಡಿನಿಂದ ಹೆಬ್ಬೆರಳುಗಳ ಜಡಿಮಳೆ! ಒಂದರ ಹಿಂದೊಂದು, ಒಂದರ ಮೇಲೊಂದು. ಇಜ್ಜಾ ಎಣಿಸುವ ಸಾಲು ಹೊಡೆದಳು. ನೂರ ನಲವತ್ತಮೂರು.

"ಐದಕ್ಕೆ?" ಎಂದಳು ಸುಕೈನಾ. "ರಂಜಾನಿನಲ್ಲಿ ಐದರ ತನಕ ಯಾವ ಹೆಂಗಸು ಇಲ್ಲಿ ನಿಲ್ತಾಳೆ? ಮನೇಲಿ ಕೊಂದುಹಾಕ್ತಾರೆ!"

"ನಿಂತಿಲ್ಲ ಮೇಡಂ." ಇಜ್ಜಾಳ ದನಿ ಮೊದಲ ಬಾರಿಗೆ ಎದ್ದಿತು. "ಅವರು ನಾಲ್ಕಕ್ಕೇ ಹೋಗಿದ್ದಾರೆ. ಕಂಪ್ಯೂಟರಿಗೆ ಆಗ ಐದಾಗಿತ್ತು. ಅದು ಇನ್ನೂ ಹಳೇ ಗಂಟೇಲೇ ಇದೆ!"



ರಂಜಾನ್ ಬಂದರೆ ದೇಶವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ತಿಂಗಳು ಮುಗಿದರೆ ಮತ್ತೆ ಮುಂದಕ್ಕೆ. ಫೋನುಗಳು ತಾವೇ ತಿರುಗಿಕೊಳ್ಳುತ್ತವೆ. ಗೋಡೆಯ ಗಡಿಯಾರಗಳನ್ನು ಯಾರಾದರೂ ತಿರುಗಿಸುತ್ತಾರೆ. ಹೊರಜಗತ್ತಿನ ತಂತಿಯೇ ಇಲ್ಲದ ಈ ನಿಯಂತ್ರಣ ಕಂಪ್ಯೂಟರನ್ನು ಯಾರು ತಿರುಗಿಸಬೇಕು?

ಬಿಹಿ ಆಗಲೇ ಬಾಗಿಲಾಚೆ ಓಡಿದ್ದರು. ಅರವತ್ತಾರರ ಮನುಷ್ಯ, ಕಬ್ಬಿಣದ ಮೆಟ್ಟಿಲು ದಡದಡ ಅಂದಿತು. ಎರಡು ನಿಮಿಷದಲ್ಲಿ ಏದುಸಿರು ಬಿಡುತ್ತ ವಾಪಸಾದರು.

"ಮೇಡಂ, ನಿಮ್ಮ ಗಡಿಯಾರದಲ್ಲಿ ಎಷ್ಟು?"

"ಎರಡೂ ಆರು."

"ಕೆಳಗೆ ಅದರ ಪರದೆಯಲ್ಲಿ ಮೂರೂ ಆರು! ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಇಷ್ಟು ದೊಡ್ಡದಾಗಿ ಬರೆದಿದ್ದಾರೆ. 'ಗಡಿಯಾರ ಮುಟ್ಟಬೇಡಿ, ಒಂದು ಕಳೆಯಿರಿ' ಅಂತ. ಅಲ್ಲಿನವನನ್ನ ಕೇಳಿದೆ. ಹಿಂದಕ್ಕೆ ತಿರುಗಿಸಿದ್ರೆ ಒಂದೇ ಗಂಟೆ ಎರಡು ಸಲ ಬರುತ್ತಂತೆ. ಮೀನು ಎಷ್ಟು ತಂಪಲ್ಲಿತ್ತು ಅನ್ನೋ ದಾಖಲೆ ಕೆಡುತ್ತಂತೆ. ಹೊರದೇಶದವರು ಸರಕೇ ತಗೊಳ್ಳೋದಿಲ್ಲವಂತೆ. ಹಂಗಾಗಿ ಒಂದು ತಿಂಗಳು ಎಲ್ಲರೂ ತಲೇಲೇ ಕಳೀತಾರೆ!"

"ಕಾಸಾದಲ್ಲಿ ಕೂತವರಿಗೆ ಆ ಗೋಡೆ ಕಾಣ್ಸಲ್ಲ," ಎಂದಳು ಸುಕೈನಾ, ಝುಹೈರ್‌ನನ್ನು ನೋಡುತ್ತ.

"ಅಂದ್ರೆ ನೀವು ತೋರಿಸಿದ ನಾಲ್ಕೂ ಇಪ್ಪತ್ತೊಂದು ನಿಜಕ್ಕೂ ಮೂರೂ ಇಪ್ಪತ್ತೊಂದು," ಎಂದಳು ಇಜ್ಜಾ. "ಪ್ರತಿ ಮಂಗಳವಾರ ಆ ಹೊತ್ತಿಗೆ ಅಣ್ಣ ಸೈರನ್ ಪರೀಕ್ಷೆ ಮಾಡ್ತಾನೆ. ಬಂದ್ ಮಾಡಿ ಮೂರು ನಿಮಿಷಕ್ಕೆ ಮತ್ತೆ ಚಾಲೂ ಮಾಡ್ತಾನೆ. ತುಂಡಿನಲ್ಲೇ ಇದೆ, ನಾಲ್ಕೂ ಇಪ್ಪತ್ತನಾಲ್ಕಕ್ಕೆ. ಮುಂದೆ ಓದಿದ್ರೆ ಕಾಣ್ತಿತ್ತು. ಅನಿಲ ಸೋರಿದ ಸಾಲೇ ಅದರಲ್ಲಿಲ್ಲ."

ಸುಕೈನಾ ಕಪಾಟಿನಿಂದ ಪರೀಕ್ಷೆಯ ಪುಸ್ತಕ ಎಳೆದು ಹಾಳೆ ಮಗುಚಿದಳು. ಮಂಗಳವಾರ, ಮೂರೂ ಇಪ್ಪತ್ತು, ಸೈರನ್ ಪರೀಕ್ಷೆ, ಕೆಳಗೆ ಹಮ್ಮೂವಿನ ವಕ್ರ ಸಹಿ.

ಝುಹೈರ್ ಟೈ ಸಡಿಲಿಸಿದ. "ಸರಿ. ಒಪ್ಪಿದೆ. ಅದು ಪರೀಕ್ಷೆ. ಆದ್ರೆ ನಿಜವಾದ ನಾಲ್ಕೂ ಇಪ್ಪತ್ತಕ್ಕೆ ಅವನೇ ಇನ್ನೊಂದು ಸಲ ಬಂದ್ ಮಾಡಿಲ್ಲ ಅಂತ ಏನು ಗ್ಯಾರಂಟಿ?"

"ನೋಡೋಣ," ಎಂದಳು ಇಜ್ಜಾ. ಬೆರಳುಗಳು ಆಗಲೇ ಓಡುತ್ತಿದ್ದವು. ಹಳೆಯ ಗಂಟೆಯ ಐದೂ ಐದರಿಂದ ಐದೂ ಇಪ್ಪತ್ತೈದು.

ಎಂಟರ್. ಎರಡೂ ಹನ್ನೆರಡು.

ಬಿಹಿ ಖಾಲಿ ಬೆರಳುಗಳನ್ನು ತುಟಿಯವರೆಗೆ ಒಯ್ದು ನಾಚಿ ಕೆಳಗಿಳಿಸಿದರು.

ಎರಡೂ ಇಪ್ಪತ್ತಮೂರಕ್ಕೆ ತುಂಡು ತೆರೆಯಿತು. ಐದೂ ಹತ್ತೊಂಬತ್ತು, ಸೈರನ್ ಬಂದ್! ಐದೂ ಇಪ್ಪತ್ತು, ಎರಡನೆಯ ಕೋಣೆಯ ಕವಾಟ ತೆರೆಯಿತು! ಕೊಳವೆಯ ಒತ್ತಡ ಬಿತ್ತು! ಅಲ್ಲೇ ತ್ಲೈತ್ಮಾಸ್ ಬಿದ್ದಿದ್ದಳು.

ಮಾಡಿದ್ದು ಯಾರು? ಹೆಸರಿನ ಜಾಗದಲ್ಲಿ ಖಾಲಿ. ಬರೀ ಒಂದು ಸಂಖ್ಯೆ, ಏಳು.

"ಹೆಸರೇ ಇಲ್ಲ!" ಝುಹೈರ್ ಚೇತರಿಸಿಕೊಂಡ. "ಇಷ್ಟೇ ನಿನ್ನ ಕಸುಬು? ಖಾಲಿ ಜಾಗ ತೋರಿಸಿ ಅಣ್ಣನ್ನ ಬಿಡಿಸ್ತೀಯಾ?"

"ಖಾಲಿ ಅಲ್ಲ. ತಲೆ ಕತ್ತರಿಸಿಹೋಗಿದೆ." ಇಜ್ಜಾ ಸುಕೈನಾಳ ಕಡೆ ತಿರುಗಿದಳು. "ಮೇಡಂ, ಯಾರಾದ್ರೂ ಕಂಪ್ಯೂಟರಿನೊಳಗೆ ಬಂದಾಗ ಜಾಡು ಅವರ ಹೆಸರನ್ನ ಒಂದೇ ಸಲ ಬರ್ಕೊಳ್ಳುತ್ತೆ, ಬಾಗಿಲಲ್ಲಿ. ಆಮೇಲೆ ಎಲ್ಲಾ ಸಂಖ್ಯೇಲೇ. ಈ ಏಳು ಐದೂ ಐದಕ್ಕಿಂತ ಮೊದ್ಲೇ ಒಳಗೆ ಬಂದಿದೆ. ನನ್ನ ತುಂಡು ಶುರುವಾಗಿದ್ದು ಅದಾದ ಮೇಲೆ. ಇನ್ನೊಂದು ಚೂರು ಹಿಂದಕ್ಕೆ ಹೋಗಬೇಕು."

"ಎಷ್ಟು ಹಿಂದಕ್ಕೆ?"

ಅದೇ ಅವಳಿಗೂ ಗೊತ್ತಿರಲಿಲ್ಲ. ಏಳನೆಯವನು ಬೆಳಗ್ಗೆ ಆರಕ್ಕೇ ಬಂದಿರಬಹುದು. ಮಧ್ಯಾಹ್ನ ಬಂದಿರಬಹುದು. ಕಣ್ಣು ಮುಚ್ಚಿ ಇಜ್ಜಾ ಆ ಸಂಜೆಯನ್ನು ಕಲ್ಪಿಸಿಕೊಂಡಳು. ಕೆಟ್ಟ ಕೆಲಸಕ್ಕೆ ಬಂದವನು ನೂರ ನಲವತ್ತಮೂರು ಜೋಡಿ ಕಣ್ಣುಗಳ ಮುಂದೆ ಬರುವುದಿಲ್ಲ. ಅವರೆಲ್ಲ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಬರುತ್ತಾನೆ.

ನಾಲ್ಕೂ ಐವತ್ತೈದರಿಂದ ಐದೂ ಆರು. ಕೊನೆಯ ಒಂದು ನಿಮಿಷ ಹಿಂದಿನ ತುಂಡಿನ ಮೇಲೆ ಹಾಯುವಂತೆ ಬಿಟ್ಟಳು, ನಡುವೆ ಏನೂ ಜಾರಿಹೋಗಬಾರದು.

ಎರಡೂ ಮೂವತ್ತು. ಎರಡೂ ಮೂವತ್ತೈದು. ಲ್ಯಾಪ್‌ಟಾಪಿನ ಹೊಟ್ಟೆ ಬಿಸಿಯಾಗಿ ಫ್ಯಾನು ಗೂಬೆಯಂತೆ ಕೂಗಿತು. ಸುಕೈನಾ ವರದಿಯ ಕಡೆಯ ಹಾಳೆಯನ್ನು ಹೊರತೆಗೆದಳು, ಪೆನ್ನಿನ ಮುಚ್ಚಳ ತೆಗೆದಳು.

ಎರಡೂ ಮೂವತ್ತೇಳಕ್ಕೆ ತುಂಡು ತೆರೆಯಿತು.

ಐದೂ ಎರಡು. ಏಳನೆಯವನು ಒಳಗೆ ಬಂದ.

"ಹೆಸರು?" ಸುಕೈನಾಳ ಉಸಿರು ಇಜ್ಜಾಳ ಕಿವಿಗೆ ತಾಗಿತು.

"'ಕಾರ್ಯಾಗಾರ' ಅಂತಿದೆ." ಇಡೀ ಕಾರ್ಖಾನೆ ಬಳಸುವ ಸಾಮಾನ್ಯ ಹೆಸರು. ಯಾರು ಬೇಕಾದರೂ ಆಗಬಹುದು. "ಹಮ್ಮೂ ಅಂತಿಲ್ಲ."

"ಅವನೇ ಆ ಹೆಸರಲ್ಲಿ ಬಂದಿರಬಹುದು," ಎಂದ ಝುಹೈರ್. ಆದರೆ ದನಿಯಲ್ಲಿ ಹುರುಪು ಇಳಿದಿತ್ತು.

ಏಳನೆಯವನು ಒಳಗೆ ಬಂದು ಮಾಡಿದ ಮೊದಲ ಕೆಲಸವನ್ನು ಇಜ್ಜಾ ಓದುತ್ತಿದ್ದಳು. ಓದಿದಳು. ಮತ್ತೆ ಓದಿದಳು.

ಪರದೆಯ ಮೇಲಿದ್ದದ್ದು ಅವಳದೇ ಸಾಲು! ಇಂದು ಮಧ್ಯಾಹ್ನ ಅವಳು ಹೊಡೆದ ಮೊದಲ ಸಾಲು. ಕತ್ತರಿಸುವ ಸಾಧನದ ಹೆಸರು. ದೊಡ್ಡ ಫೈಲಿನ ಹೆಸರು. ೩೬೬೦೦ರಿಂದ ೩೭೮೦೦.

"ಮೇಡಂ," ಅವಳು ನಿಧಾನವಾಗಿ ಹೇಳಿದಳು. "ಜಾಡು ಎಲ್ಲಾನೂ ಬರ್ಕೊಳ್ಳುತ್ತೆ. ತನ್ನನ್ನ ಕೊಯ್ದಿದ್ದನ್ನೂ ಬರ್ಕೊಂಡಿದೆ. ಐದೂ ಮೂರಕ್ಕೆ ಯಾರೋ ಇದೇ ಕಂಪ್ಯೂಟರಿನಲ್ಲಿ ಅಣ್ಣನ ಪರೀಕ್ಷೆಯ ಇಪ್ಪತ್ತು ನಿಮಿಷಾನ ಕತ್ತರಿಸಿ ಎತ್ತಿಟ್ಟಿದ್ದಾರೆ. ಅನಿಲ ಸೋರಿದ್ದು ಐದೂ ಇಪ್ಪತ್ತಕ್ಕೆ."

ಸುಕೈನಾ ಬೆರಳು ಮಡಿಚಿ ಎಣಿಸಿದಳು. "ಹದಿನೇಳು ನಿಮಿಷ ಮುಂಚೆ!"

"ಸೋರೋ ಮುಂಚೇನೇ ಸಾಕ್ಷಿ ಸಿದ್ಧ!" ಬಿಹಿ ಮೇಜು ಗುದ್ದಿದರು. "ಎಂಥ ಬೇಟೆ ಮಗಳೇ! ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆದು, ಅಳತೆ ನೋಡಿ ಎತ್ತಿಡೋ ಕಳ್ಳನ್ನ ನಾನು ಮೂವತ್ತೊಂದು ವರ್ಷದಲ್ಲಿ ಒಬ್ಬನ್ನೂ ಕಂಡಿಲ್ಲ. ಇದು ಹಮ್ಮೂ ಮಾಡಿದ್ದಲ್ಲ. ಹಮ್ಮೂನ ಸಿಕ್ಕಿಸೋಕೆ ಮಾಡಿದ್ದು."

ಎಲ್ಲರ ಕಣ್ಣೂ ಕಿಟಕಿಯ ಕಡೆ ಹೊರಳಿತು.

"ಸಿ ಝುಹೈರ್," ಎಂದಳು ಸುಕೈನಾ. ದನಿ ಮೆತ್ತಗಿತ್ತು, ಅದೇ ಭಯ ಹುಟ್ಟಿಸುವಂತಿತ್ತು. "ಆ ತುಂಡನ್ನ ನಿಮ್ಮ ಕೈಯಾರೆ ಕಾಸಾದಲ್ಲಿ ಕತ್ತರಿಸಿದ್ದು ಅಂದ್ರಲ್ಲ?"

ಝುಹೈರ್ ಲ್ಯಾಪ್‌ಟಾಪು ಮುಚ್ಚಿದ. "ಹೌದು. ಅಂದ್ರೆ..."

"ಅಂದ್ರೆ?"

"ನಾನು ಪರಿಶೀಲಿಸಿದೆ. ಪರಿಶೀಲನೆ ಕೂಡ ಕೆಲಸಾನೇ ಅಲ್ವಾ?"

"ಕತ್ತರಿಸಿದ್ದು ಯಾರು?"

"ಗೊತ್ತಿಲ್ಲ! ದೇವರಾಣೆ ಗೊತ್ತಿಲ್ಲ." ಅವನು ಎದ್ದೇ ನಿಂತ. "ನಿನ್ನೆ ಬೆಳಗ್ಗೆ ನಾನು ಹೋಟೆಲಿಗೆ ಬಂದಾಗ ಲಕೋಟೆ ಕಾಯ್ತಿತ್ತು. ಡಿಸ್ಕಿನಲ್ಲಿ ಇಡೀ ಫೈಲು, ಪಕ್ಕದಲ್ಲೇ ಈ ತುಂಡು. 'ಇಲ್ಲಿದೆ ನೋಡಿ' ಅಂತ ಚೀಟಿ. ಕಂಪನಿಯವರೇ ಕಳಿಸಿದ್ದು ಅಂದ್ಕೊಂಡೆ. ಐವತ್ತೆರಡು ಗಿಗಾಬೈಟು ಯಾರು ಕೊಯ್ತಾ ಕೂರ್ತಾರೆ, ಉಪವಾಸದಲ್ಲಿ?"

"ಇವಳು ಕೂತಳಲ್ಲ," ಎಂದರು ಬಿಹಿ.

ಝುಹೈರ್ ಕುಸಿದು ಕೂತ. ಇಜ್ಜಾಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಭಯ ನಿಜದ್ದಾಗಿತ್ತು. ಸುಳ್ಳು ಹೇಳಿದ್ದು ಜಂಬಕ್ಕೆ, ಪಾಪಕ್ಕಲ್ಲ. ಹಾಗಾದರೆ ಏಳನೆಯವನು ಬೇರೆ. ಗೋಡೆಯ ಸೀಮೆಸುಣ್ಣ ದಿನಾ ನೋಡುವವನು, ಹಳೆಯ ಗಂಟೆ ಹೊಸ ಗಂಟೆ ಎರಡೂ ಬಲ್ಲವನು, ಹೊರಗಿನವರು ಎಲ್ಲಿ ಎಡವುತ್ತಾರೆಂದು ತಿಳಿದವನು.

ಸುಕೈನಾ ಪೆನ್ನಿನ ಮುಚ್ಚಳ ಹಾಕಿದಳು. ವರದಿಯ ಹಾಳೆಯನ್ನು ಎರಡಾಗಿ ಮಡಿಚಿ ಜೇಬಿಗಿಟ್ಟಳು. "ಇದು ಇವತ್ತು ಹೋಗಲ್ಲ. ನಿನ್ನ ಅಣ್ಣ ಇವತ್ತಿನ ಉಪವಾಸ ನಿನ್ನ ಮನೇಲೇ ಮುರೀಬಹುದು, ಲಲ್ಲಾ ಇಜ್ಜಾ."

ಲಲ್ಲಾ! ಮರ್ಯಾದಸ್ಥ ಹೆಂಗಸರನ್ನು ಕರೆಯುವ ಮಾತು; ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಇಜ್ಜಾ ಮುಖ ಮುಚ್ಚಿಕೊಂಡು ನಕ್ಕಳು, ಜೊತೆಗೇ ಅತ್ತಳು. ಬಿಹಿ ಅವಳ ತಲೆಯ ಮೇಲೆ ಕೈಯಿಟ್ಟರು.

ಆಗ ಸುಕೈನಾಳ ಫೋನು ಬಡಿದುಕೊಂಡಿತು.

"ಹೇಳಿ... ಏನು? ಯಾವಾಗ?... ಯಾರಾದ್ರೂ ಅವನನ್ನ ನೋಡೋಕೆ ಬಂದಿದ್ರಾ?... ಹೊಡೆದಿಲ್ಲ ತಾನೆ? ನಿಜ ಹೇಳಿ."

ಅವಳು ಫೋನನ್ನು ಮೇಜಿನ ಮೇಲಿಟ್ಟಳು.

"ಠಾಣೆಯಿಂದ. ಹಮ್ಮೂ ಈಗಷ್ಟೇ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದ್ದಾನೆ. ಎಲ್ಲಾ ನಾನೇ ಮಾಡಿದ್ದು ಅಂತ."

"ಸುಳ್ಳು!" ಇಜ್ಜಾ ಕಿರುಚಿದಳು. "ಅವನು ನನ್ನ ಅಂಗಡಿಯಲ್ಲಿದ್ದ!"

"ಯಾರೂ ಬಲವಂತ ಮಾಡಿಲ್ಲ. ಯಾರೂ ಬಂದೂ ಇಲ್ಲ. ನನ್ನ ತಂಗಿ ಎಲ್ಲಿ ಅಂತ ಪೇದೇನ ಕೇಳಿದ್ನಂತೆ. ಕಾರ್ಖಾನೇಲಿ ಕೂತು ಇಡೀ ಫೈಲನ್ನ ಕೊಯ್ತಿದ್ದಾಳೆ ಅಂತ ಪೇದೆ ಅಂದ. ಅಷ್ಟೇ. ಪೆನ್ನು ಕೊಡಿ ಅಂದ್ನಂತೆ." ಸುಕೈನಾ ಇಜ್ಜಾಳ ಕಡೆ ತಿರುಗಿದಳು. "ನಿನಗೆ ಒಂದು ಮಾತು ಹೇಳಿ ಕಳಿಸಿದ್ದಾನೆ. ಅಲ್ಲಿಗೇ ನಿಲ್ಲಿಸಬೇಕಂತೆ. ಹಳೇ ಗಂಟೆ ಐದೂವರೆಯಿಂದಾಚೆಗೆ ಕತ್ತರಿಸಬಾರದಂತೆ."



"ತಪ್ಪೊಪ್ಪಿಗೆ ಇದ್ರೆ ನನ್ನ ಕೈ ಕಟ್ಟಿದ ಹಾಗೆ," ಎಂದಳು ಸುಕೈನಾ. "ಮೂರಕ್ಕೆ ವರದಿ ಜೊತೆ ಅವನನ್ನ ಕೋರ್ಟಿಗೆ ಕಳಿಸಲೇಬೇಕು. ಅದನ್ನೂ ಮೀರಿಸೋ ಅಂಥದ್ದೇನಾದ್ರೂ ಇದ್ರೆ ಈಗಲೇ..."

"ಬೇಡ ಮಗಳೇ," ಬಿಹಿ ಮೆಲ್ಲಗೆ ಅಂದರು. "ಅಣ್ಣ ಜೈಲಿಗೆ ಹೋಗೋಕೂ ಸಿದ್ಧ ಅಂದ್ರೆ, ಅಲ್ಲಿರೋದು ನಿನಗೆ ಪರಕೀಯರ ಹೆಸರಾಗಿರಲ್ಲ."

ಇಜ್ಜಾ ಕೆನ್ನೆ ಒರೆಸಿಕೊಂಡಳು. ಕಪ್ಪು ಕಿಟಕಿಯಲ್ಲಿ ಗೆರೆ ಮಿಣುಕುತ್ತಿತ್ತು. ಅವಳು ಒಂದೊಂದೇ ಅಂಕಿ ಹೊಡೆದಳು. ೪೧೪೦೦. ಐದೂವರೆ, ಅಲ್ಲಿಂದಾಚೆಗೆ.

ಮೇಜಿನ ಮೇಲಿನ ಗಡಿಯಾರದಲ್ಲಿ ಎರಡೂ ಐವತ್ತೆರಡಾಗಿತ್ತು. ಮೂರಕ್ಕೆ ಎಂಟೇ ನಿಮಿಷ. ತುಂಡಾಗಲು ಹನ್ನೊಂದು ಬೇಕು.

ಅವಳು ಎಂಟರ್ ಒತ್ತಿದಳು.